ಚಿಕ್ಕ ತಟ್ಟೆಯಲ್ಲಿ ಚಿಕ್ಕಬೈರಪ್ಪ

ಸ್ವಂತ ಬಿಲ್ಡಿಂಗಿನಲ್ಲಿ, ಸ್ವಂತ ಹೆಂಡತಿಯ ಎದುರು, ತಾನೇ ಕರೆದ ಸ್ನೇಹಿತರ ಮುಂದೆ, ಒಂದಾದ ಮೇಲೊಂದು ತಟ್ಟೆಯಲ್ಲಿ ತನ್ನ ಮಾನವನ್ನೇ ಬಡಿಸಿಕೊಂಡು ತಿಂದ ಮನುಷ್ಯ ಇಡೀ ಉತ್ತರಹಳ್ಳಿಯಲ್ಲಿ ನಾನೊಬ್ಬನೇ. ಹಾಗಂತ ಅಯ್ಯೋ ಪಾಪ ಅನ್ನಬೇಡಿ. ಈ ಕಥೆಯನ್ನು ನಾನು ಎದೆಯುಬ್ಬಿಸಿಕೊಂಡೇ ಹೇಳುತ್ತಿದ್ದೇನೆ. (ಎದೆಗಿಂತ ಮೊದಲು ಹೊಟ್ಟೆ ಉಬ್ಬುತ್ತದೆ, ಅದು ಬೇರೆ ವಿಷಯ.)

ನನ್ನ ಹೆಸರು ಚಿಕ್ಕಬೈರಪ್ಪ. ನಮ್ಮಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಮಹಡಿಯ ಕಟ್ಟಡ ಬೆಳೆದು ನಿಂತಿದೆ. ಮೇಲೆ ನಾವು, ನಡುವೆ ಬಾಡಿಗೆಯ ಸಂಸಾರಗಳು, ಕೆಳಗೆ ಅಂಗಡಿ ಜಾಗ. ಕಟ್ಟಡದ ಖಾತೆ ನನ್ನ ಹೆಸರಿನಲ್ಲಿದೆ. ಕಟ್ಟಡದ ಬಗ್ಗೆ ಮಾತಾಡುವ ಹಕ್ಕು ನನ್ನ ಹೆಂಡತಿ ಅಂಜನಮ್ಮನ ಹೆಸರಿನಲ್ಲಿದೆ. ಮದುವೆಯಾದಾಗಿನಿಂದ, ಅಂದರೆ ಮೂವತ್ತೈದು ವರ್ಷದಿಂದ, ಎಲ್ಲದರಲ್ಲೂ ಇದೇ ವ್ಯವಸ್ಥೆ ಸುಸೂತ್ರವಾಗಿ ನಡೆದುಕೊಂಡು ಬಂದಿದೆ.

ಕೆಳಗಿನ ಅಂಗಡಿಯಲ್ಲಿ ಮೊದಲು ಜಿಮ್ ಇತ್ತು. ಹುಡುಗರು ಭಾರ ಎತ್ತಿ ಎತ್ತಿ ನೆಲಕ್ಕೆ ಹಾಕಿದಾಗಲೆಲ್ಲ ನಮ್ಮ ಅಡುಗೆಮನೆಯ ಡಬ್ಬಗಳು ಕುಣಿಯುತ್ತಿದ್ದವು. ಅವರು ಖಾಲಿ ಮಾಡಿದ ಮೇಲೆ ಚೈತನ್ಯ, ಬಿಂದುಶ್ರೀ ಎಂಬ ಗಂಡ ಹೆಂಡತಿ ಬಂದರು. ಚೈತನ್ಯ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಅಡುಗೆ ಮಾಡಿ ಪಳಗಿದವನು. ಬಿಂದುಶ್ರೀ ಬಂದವರನ್ನು ಮಾತಾಡಿಸಿ ಬಡಿಸುವವಳು.

"ಸ್ಮಾಲ್ ಪ್ಲೇಟ್ಸ್ ಶುರು ಮಾಡ್ತಿದೀವಿ ಅಂಕಲ್" ಎಂದಳು ಬಿಂದುಶ್ರೀ.

"ಒಳ್ಳೇದು ಕಣಮ್ಮ. ಸ್ಟೀಲ್ದಾ, ಪ್ಲಾಸ್ಟಿಕ್ದಾ?" ಎಂದು ಕೇಳಿದೆ. ನಾನು ಪಾತ್ರೆ ಅಂಗಡಿ ಅಂದುಕೊಂಡಿದ್ದೆ.

ಅದು ರೆಸ್ಟೋರೆಂಟು. ಚಿಕ್ಕ ಚಿಕ್ಕ ತಟ್ಟೆಯಲ್ಲಿ ಹೊಸ ಹೊಸ ತಿಂಡಿ ಒಂದಾದ ಮೇಲೊಂದು ಬರುತ್ತದೆ. ಹೆಸರು 'ಚಿಟಿಕೆ'. ಆ ಹೆಸರು ಕೇಳಿದ ದಿನವೇ ಅಂಜನಮ್ಮ ಯುದ್ಧ ಘೋಷಿಸಿದಳು. ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು ತಾಯಿ" ಎಂದು ಗೋಗರೆದರೂ ಬೆರಳ ಸಂದಿಯಲ್ಲಿ ಒಂದು ಮುದ್ದೆ ಬೀಳುತ್ತದೆ. ಅಂಥವಳು ಒಂದು ದಿನ ಮೆಟ್ಟಿಲಿಳಿಯುವಾಗ ರೆಸ್ಟೋರೆಂಟಿನ ಗಾಜಿನ ಗೋಡೆಯಿಂದ ಒಳಗೆ ಇಣುಕಿಬಿಟ್ಟಳು.

"ಇಷ್ಟಗಲ ಮೇಜು, ಅದ್ರ ಮೇಲೊಂದು ತಟ್ಟೆ, ತಟ್ಟೆ ಮೂಲೇಲಿ ಕಾಗೆಗಿಟ್ಟಂಗೆ ಒಂದು ಚೂರು! ನಮ್ಮ ಜಾಗದಲ್ಲಿ ಜನಾನ ಹಸಿದ ಹೊಟ್ಟೇಲಿ ಕಳಿಸ್ತಾವ್ರೆ ಅಂದ್ರೆ ಪಾಪ ಯಾರಿಗೆ ಸುತ್ಕೊಳ್ತದೆ? ಅಗ್ರಿಮೆಂಟ್ ಮುಗೀಲಿ, ಆ ಹಲ್ಲಿನ ಡಾಕ್ಟ್ರಿಗೆ ಕೊಟ್ಬಿಡೋಣ."

ಹಲ್ಲಿನ ಡಾಕ್ಟರೊಬ್ಬರು ಆ ಜಾಗಕ್ಕಾಗಿ ಆಗಲೇ ಎರಡು ಸಲ ಬಂದು ಅಂಜನಮ್ಮನ ಕೈಯ ಕಾಫಿ ಕುಡಿದು, ಅವಳ ದವಡೆ ಹಲ್ಲನ್ನು ಹೊಗಳಿ ಹೋಗಿದ್ದರು. ಅಗ್ರಿಮೆಂಟ್ ಮುಗಿಯಲು ಇನ್ನೊಂದೇ ತಿಂಗಳಿತ್ತು.

ನನಗೆ ಮಾತ್ರ ಚೈತನ್ಯ, ಬಿಂದುಶ್ರೀ ಹೋಗುವುದು ಬೇಡವಾಗಿತ್ತು. ಕಾರಣ ಹೇಳುತ್ತೇನೆ, ನಗಬೇಡಿ. ಮಧ್ಯಾಹ್ನ ರೆಸ್ಟೋರೆಂಟ್ ತೆರೆಯುವ ಮುಂಚೆ ಅವರಿಬ್ಬರೂ ನನ್ನನ್ನು ಕೂರಿಸಿ, ಕಾಫಿ ಕೊಟ್ಟು, "ಅಂಕಲ್, ಈ ಜಾಗದ ಕಥೆ ಹೇಳಿ" ಎನ್ನುತ್ತಿದ್ದರು. ನನ್ನ ಜನ್ಮದಲ್ಲಿ ಯಾರೂ ನನಗೆ ಕಥೆ ಹೇಳು ಎಂದು ಕೇಳಿದವರಲ್ಲ. ಮನೆಯಲ್ಲಿ ನಾನು ಶುರು ಮಾಡಿದ ಮಾತನ್ನು ಅಂಜನಮ್ಮ ಮುಗಿಸುತ್ತಾಳೆ. ಮುಗಿದಾಗ ಅದು ನಾನು ಶುರು ಮಾಡಿದ ಮಾತಾಗಿರುವುದಿಲ್ಲ. ಇಲ್ಲಿ ಎರಡು ಎಳೆಯ ಜೀವಗಳು ಗಲ್ಲಕ್ಕೆ ಕೈಕೊಟ್ಟು ಕೂತು "ಆಮೇಲೆ ಅಂಕಲ್?" ಅನ್ನುತ್ತಿವೆ! ಮೊದಲೆರಡು ದಿನ ನಿಜ ಹೇಳಿದೆ. ನಿಜ ಅಷ್ಟಕ್ಕೇ ಮುಗಿದುಹೋಯಿತು. ಕಾಫಿ ಮುಗಿದಿರಲಿಲ್ಲ. ಆಮೇಲೆ ನಾನೇ ಸ್ವಲ್ಪ ಕಥೆ ಬೆಳೆಯತೊಡಗಿದೆ. (ರೈತನಲ್ಲವೇ, ಬೆಳೆಯುವುದೇ ನಮ್ಮ ಕಸುಬು.)

ಇನ್ನೊಂದು ಕಾರಣ ನಂದಕುಮಾರ್ ಸಾರ್. ಅವರು ಜಯನಗರದ ಬ್ಯಾಂಕೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ನಾನು ಮೊದಲ ಸಲ ಖಾತೆ ತೆರೆಯಲು ಹೋದಾಗ 'ಸಾರ್' ಎಂದವನು ಸ್ನೇಹ ಬೆಳೆದು ಇಷ್ಟು ವರ್ಷವಾದರೂ ಹಾಗೇ ಅನ್ನುತ್ತಿದ್ದೇನೆ. ಅವರು ನನ್ನನ್ನು ಬೈರಪ್ಪ ಎನ್ನುತ್ತಾರೆ. ಬಲು ಒಳ್ಳೆಯವರು, ಆದರೆ ನನಗೆ ಏನೂ ತಿಳಿಯುವುದಿಲ್ಲ ಎಂಬ ದೃಢ ನಂಬಿಕೆ ಇಟ್ಟುಕೊಂಡೇ ಒಳ್ಳೆಯವರು. ಹೋದ ವರ್ಷ ತಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ನಮ್ಮಿಬ್ಬರನ್ನು ಎತ್ತರದ ಕಟ್ಟಡವೊಂದರ ತುದಿಯ ಹೋಟೆಲಿಗೆ ಕರೆದುಕೊಂಡು ಹೋಗಿದ್ದರು. ಮೆನು ನನ್ನ ಕೈಗೆ ಬರುವ ಮೊದಲೇ ಸರ್ವರಿಗೆ, "ಇವರಿಗೆ ಏನಾದ್ರೂ ಅರ್ಥವಾಗೋಂಥದ್ದು ಕೊಡಿ" ಎಂದರು. ನನಗೆ ಅರ್ಥವಾಗುವಂಥದ್ದು ಎಂದು ಬಂದದ್ದು ಮೊಸರನ್ನ. ತಿಂದೆ. ಮೊಸರನ್ನ ಚೆನ್ನಾಗಿತ್ತು. ಅರ್ಥವಾಗೋಂಥದ್ದು ಎಂಬ ಮಾತು ಮಾತ್ರ ಇನ್ನೂ ಜೀರ್ಣವಾಗಿರಲಿಲ್ಲ.

ಆದ್ದರಿಂದ ಒಂದು ದಿನ ಫೋನ್ ಮಾಡಿದೆ. "ಸಾರ್, ಶನಿವಾರ ನೀವೂ ಮೇಡಮ್ಮೂ ಊಟಕ್ಕೆ ಬರ್ಬೇಕು. ನಮ್ಮ ಬಿಲ್ಡಿಂಗಲ್ಲೇ ಒಂದು ರೆಸ್ಟೋರೆಂಟ್ ಐತೆ, ಚಿಟಿಕೆ ಅಂತ."

ಆ ಕಡೆಯಿಂದ ಅವರ ಹೆಂಡತಿ ರಾಜಶ್ರೀ ಅವರ ಧ್ವನಿ ಕೇಳಿಸಿತು. "ಚಿಟಿಕೇನಾ? ಅಯ್ಯೋ, ಅಲ್ಲಿ ಟೇಬಲ್ಲೇ ಸಿಗಲ್ವಂತೆ ಕಣ್ರೀ! ನಾನು ಎರಡು ಸಲ ಟ್ರೈ ಮಾಡಿದೀನಿ."

"ಸಿಗತ್ತೆ ಬಿಡಿ ಮೇಡಂ" ಎಂದೆ. ಆ ಮೂರು ಪದವನ್ನು ನಾನು ಹೇಳಿದ ರೀತಿಯನ್ನು ನೀವು ಕೇಳಬೇಕಿತ್ತು. ರಾಜ್ಯವನ್ನೇ ದಾನ ಕೊಟ್ಟ ಚಕ್ರವರ್ತಿಯ ಗತ್ತು.

ಅಂಜನಮ್ಮನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವಳು ತಾನಾಗಿಯೇ ಬರುತ್ತೇನೆಂದಳು. "ಬರ್ತೀನಿ. ತಿಂದ್ ನೋಡೇ ತೀರ್ಮಾನ ಮಾಡ್ತೀನಿ. ಅಡುಗೆ ಹಿಡಿಸ್ಲಿಲ್ಲ ಅಂದ್ರೆ ಸೋಮವಾರಾನೇ ಹಲ್ಲಿನ ಡಾಕ್ಟ್ರಿಗೆ ಫೋನು. ಆಮೇಲೆ ಮುಖ ಸಣ್ಣ ಮಾಡ್ಕೊಂಡು ಕೂರಂಗಿಲ್ಲ."

ಶನಿವಾರ ಸಂಜೆ ನಂದಕುಮಾರ್ ದಂಪತಿ ಜಯನಗರದಿಂದ ಕಾರಿನಲ್ಲಿ ಬಂದರು. ನಾನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಎಲ್ಲ ಟೇಬಲ್ಲುಗಳೂ ತುಂಬಿದ್ದವು. ನಡುಮಧ್ಯದ ಟೇಬಲ್ಲು ನಮಗಾಗಿ ಕಾದಿತ್ತು. ರಾಜಶ್ರೀ ಕಣ್ಣರಳಿಸಿ ಸುತ್ತ ನೋಡಿದರು. ನಂದಕುಮಾರ್ ಸಾರ್ ಮೆನು ಹುಡುಕಿದರು. ಮೆನು ಇರಲಿಲ್ಲ.

"ಇಲ್ಲಿ ಮೆನು ಕೊಡಲ್ಲ ಸಾರ್. ಅವರೇ ತಂದುಕೊಟ್ಟು ಅದರ ಕಥೆ ಹೇಳ್ತಾರೆ. ಅರ್ಥ ಆಗ್ಲಿಲ್ಲ ಅಂದ್ರೆ ನನ್ನ ಕೇಳಿ" ಎಂದೆ. ಒಂದು ವರ್ಷದ ಮೊಸರನ್ನ ಆ ಕ್ಷಣ ಜೀರ್ಣವಾಯಿತು.

ಬಿಂದುಶ್ರೀ ಬಂದಳು. ಮುಖದ ತುಂಬ ಸಂಭ್ರಮ. "ಅಂಕಲ್, ನಿಮಗೊಂದು ಸರ್‌ಪ್ರೈಸ್. ಹೊಸ ಮೆನು ಇವತ್ತಿಂದಾನೇ ಶುರು. ಒಂದೊಂದು ಪ್ಲೇಟೂ ನೀವು ಹೇಳಿದ ಒಂದೊಂದು ಕಥೆ. ಪೂರಾ ಮೆನು ನಿಮ್ಮ ಬದುಕೇ!"

ನನ್ನ ಎದೆ ಉಬ್ಬಿತು. ಪೂರ್ತಿ ಉಬ್ಬುವ ಮೊದಲೇ ಪಕ್ಕದಿಂದ ಅಂಜನಮ್ಮ, "ಯಾವ ಕಥೆ?" ಎಂದಳು. ಉಬ್ಬಿದ್ದು ಅಲ್ಲೇ ನಿಂತಿತು.

ಮೊದಲ ತಟ್ಟೆ ಬಂತು. ಹುರಿದ ರಾಗಿಯ ಪುಡಿಯನ್ನು ಉತ್ತ ಮಣ್ಣಿನ ಹಾಗೆ ಹರಡಿ, ಅದರ ಮೇಲೆ ಹಿತಕಿದ ಅವರೆಯ ಮೂರು ಕಾಳುಗಳನ್ನು ಮೊಳಕೆಯೊಡೆದಂತೆ ನಿಲ್ಲಿಸಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಹೊಲ.

"ಇದರ ಹೆಸರು ಸೊಗಡು" ಎಂದಳು ಬಿಂದುಶ್ರೀ. "ಇದೇ ಜಾಗದಲ್ಲಿ ಅಂಕಲ್ ಬೆಳೀತಿದ್ದ ಅವರೆಕಾಯಿ ಸೊಗಡು ಎಷ್ಟು ಜೋರಿತ್ತು ಅಂದ್ರೆ, ಬಸವನಗುಡಿಯಿಂದ ಜನ ವಾಸನೆ ಹಿಡ್ಕೊಂಡೇ ದಾರಿ ಕೇಳದೆ ಬಂದುಬಿಡ್ತಿದ್ರಂತೆ."

ನಂದಕುಮಾರ್ ಸಾರ್ ಕನ್ನಡಕ ಸರಿ ಮಾಡಿಕೊಂಡರು. "ನಾನು ಹುಟ್ಟಿ ಬೆಳೆದಿದ್ದೇ ಬಸವನಗುಡೀಲಿ ಬೈರಪ್ಪ. ನನಗೆ ಒಂದಿನಾನೂ ವಾಸನೆ ಬರಲಿಲ್ವಲ್ಲಯ್ಯಾ."

"ನಿಮ್ಮ ಬೀದಿ ಕಡೆ ಗಾಳಿ ಇರ್ಲಿಲ್ವೇನೋ ಸಾರ್."

ಅಂಜನಮ್ಮ ತಟ್ಟೆಯನ್ನು ಹತ್ತಿರ ಎಳೆದು ಎಣಿಸಿದಳು. "ಮೂರೇ ಕಾಳಾ? ಸರಿಯಾಗೇ ಹಾಕವ್ರೆ ಬಿಡು. ನಮ್ಮ ಮಾವನ ಕಾಲದಲ್ಲಿ ಮೂಟೆಗಟ್ಲೆ ಬರ್ತಿತ್ತು. ಇವರ ಕೈಗೆ ಬಂದ್ಮೇಲೆ ಹೊಲದಲ್ಲಿ ಬೆಳೀತಿದ್ದಿದ್ದು ಇಷ್ಟೇ."

ರಾಜಶ್ರೀ ಕಿಸಕ್ಕನೆ ನಕ್ಕರು. ಅಂಜನಮ್ಮ ಒಂದು ಕಾಳನ್ನು ಮಣ್ಣಿನ ಸಮೇತ ಬಾಯಿಗೆ ಹಾಕಿಕೊಂಡಳು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ಉಳಿದ ಪುಡಿಯನ್ನು ಬೆರಳಿನಿಂದ ಒರೆಸಿ ತಿಂದದ್ದನ್ನು ನಾನು ನೋಡಿದೆ. ಅಡುಗೆ ಗೆಲ್ಲುತ್ತಿದೆ, ನಾನು ಸೋಲುತ್ತಿದ್ದೇನೆ ಎಂದು ಆಗಲೇ ಅನ್ನಿಸಿತು.

ಎರಡನೇ ತಟ್ಟೆಯಲ್ಲಿ ಗೋಲಿ ಗಾತ್ರದ ಮುದ್ದೆಗಳಿದ್ದವು. ಪಕ್ಕದಲ್ಲಿ, ಮಕ್ಕಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ಸೊಪ್ಪಿನ ಸಾರು. ಅದನ್ನು ನೋಡಿದ ಕೂಡಲೇ ನನಗೆ ಮುಂದಿನದು ಹೊಳೆದು, "ಕಥೆ ಆಮೇಲೆ ಹೇಳಮ್ಮ, ಸಾರು ಆರಿಹೋಗ್ತದೆ" ಎಂದೆ.

"ಕಥೆ ಕೇಳಿ ತಿಂದ್ರೇನೇ ರುಚಿ ಅಂಕಲ್" ಎಂದ ಬಿಂದುಶ್ರೀ ಶುರು ಮಾಡಿದಳು. "ಅಂಕಲ್ ಅವರ ಭಾಮೈದನ ಮದುವೇಲಿ ಪಂದ್ಯ ಕಟ್ಟಿದ್ರಂತೆ. ಅಂಕಲ್ ಒಬ್ಬರೇ ಕೂತು ಹನ್ನೆರಡು ಮುದ್ದೆ ಮುಗಿಸಿದ್ರಂತೆ. ಆಮೇಲೆ ಎದ್ದು, ಪಾಯಸ ಎಲ್ಲಿ ಅಂತ ಕೇಳಿದ್ರಂತೆ! ಊರವರೆಲ್ಲ ಶಾಲು ಹೊದಿಸಿ ಮೆರವಣಿಗೆ ಮಾಡಿದ್ರಂತೆ."

"ಹನ್ನೆರಡಾ!" ಎಂದರು ರಾಜಶ್ರೀ. ಪಕ್ಕದ ಟೇಬಲ್ಲಿನವರು ತಿರುಗಿ ನನ್ನನ್ನು ಗೌರವದಿಂದ ನೋಡಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ತಲೆ ತಗ್ಗಿಸಲು ಅದೇ ಸರಿಯಾದ ಸಮಯವಾಗಿತ್ತು.

"ಭಾಮೈದ ಅಂದ್ರೆ ನನ್ನ ತಮ್ಮ ತಾನೆ?" ಎಂದಳು ಅಂಜನಮ್ಮ. "ಅವನ ಮದುವೇಲಿ ನಾನೂ ಇದ್ನಲ್ಲ. ಎರಡು ಮುದ್ದೆ ನುಂಗಿದ್ರು. ಮೂರನೇದಕ್ಕೆ ಕಣ್ಣಲ್ಲಿ ನೀರು ಬಂತು. ಆಮೇಲಿಂದೆಲ್ಲ ಹೆಗಲ ಮೇಲಿನ ಟವಲ್ಲಿಗೆ ಹೋಯ್ತು. ಟವಲ್ಲಿಂದ ಹಿತ್ತಲಲ್ಲಿದ್ದ ನಮ್ಮಪ್ಪನ ಎಮ್ಮೆಗೆ ಹೋಯ್ತು. ಪಂದ್ಯ ಗೆದ್ದಿದ್ದು ಎಮ್ಮೆ. ಶಾಲು ಇವರಿಗೆ."

ನಂದಕುಮಾರ್ ಸಾರ್ ಒಳಲೆಯಲ್ಲಿ ಕುಡಿಯುತ್ತಿದ್ದ ಸಾರು ನೆತ್ತಿಗೇರಿತು. ನನಗೆ ನಾಚಿಕೆಗಿಂತ ಆಶ್ಚರ್ಯವೇ ಹೆಚ್ಚಾಯಿತು. ಆ ಟವೆಲಿನ ವಿಷಯ ನನಗೂ ಎಮ್ಮೆಗೂ ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

"ನಿನಗೆ ಗೊತ್ತಿತ್ತಾ?"

"ಆ ಟವಲ್ ಒಗೆದೋರು ಯಾರು?" ಎಂದು ಅಂಜನಮ್ಮ ಎರಡನೇ ಗೋಲಿಯನ್ನು ಬಾಯಿಗೆಸೆದುಕೊಂಡಳು. "ಮುದ್ದೆ ಸಣ್ಣದಾದ್ರೂ ಗಂಟಿಲ್ಲ. ಚೆನ್ನಾಗಿ ತೊಳಸವ್ನೆ ಹುಡುಗ."

ನಗು ಕೇಳಿ ಅಡುಗೆಮನೆಯಿಂದ ಚೈತನ್ಯ ಗಾಬರಿಯಾಗಿ ಹೊರಗೆ ಬಂದ. ತನ್ನ ಅಡುಗೆಗೇ ನಗುತ್ತಿದ್ದಾರೆ ಎಂದುಕೊಂಡನಂತೆ. ಬಿಂದುಶ್ರೀ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಹೋಗಲಿಲ್ಲ, ಅಲ್ಲೇ ಕಂಬಕ್ಕೆ ಒರಗಿ ನಿಂತ.

ಮೂರನೇ ತಟ್ಟೆಯಲ್ಲಿ ಅರಿಶಿನ ಹಾಕಿದ ಪುಟಾಣಿ ಅಕ್ಕಿ ರೊಟ್ಟಿ, ಅದರ ಮೈಮೇಲೆಲ್ಲ ಹುಚ್ಚೆಳ್ಳು ಚಟ್ನಿಯ ಕಪ್ಪು ಚುಕ್ಕೆ.

"ಇದು ಚಿರತೆ" ಎಂದಳು ಬಿಂದುಶ್ರೀ.

ರಾಜಶ್ರೀ ಕೈ ಹಿಂದೆಳೆದುಕೊಂಡರು. "ಚಿರತೆ ಅಂದ್ರೆ... ವೆಜ್ ತಾನೇ?"

"ಪ್ಯೂರ್ ವೆಜ್ ಆಂಟಿ. ತುರಹಳ್ಳಿ ಕಾಡಿಂದ ಒಂದು ಚಿರತೆ ಬಂದು ಊರಿಗೆಲ್ಲ ಕಾಟ ಕೊಡ್ತಿತ್ತಂತೆ. ಒಂದಿನ ಸಂಜೆ ಅಂಕಲ್ ಪಂಪ್‌ಸೆಟ್ ಹತ್ರ ಒಬ್ಬರೇ ಇದ್ದಾಗ ಎದುರಿಗೇ ಬಂತಂತೆ. ಅಂಕಲ್ ಗುದ್ದಲಿ ಎತ್ಕೊಂಡು ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರಂತೆ. ಅವತ್ತು ಓಡಿಹೋದ ಚಿರತೆ ಮತ್ತೆ ಉತ್ತರಹಳ್ಳಿಗೆ ಕಾಲಿಟ್ಟಿಲ್ವಂತೆ."

ನಾನು ನೀರಿನ ಲೋಟ ಎತ್ತಿಕೊಂಡೆ. ಲೋಟದ ಹಿಂದೆ ಎಷ್ಟು ಮುಖ ಅಡಗುತ್ತದೋ ಅಷ್ಟನ್ನು ಅಡಗಿಸಿದೆ.

"ಅದು ಮುನಿಲಕ್ಷ್ಮಮ್ಮನ ಮನೆ ಕರು" ಎಂದಳು ಅಂಜನಮ್ಮ. "ಮೈಮೇಲೆ ಮಚ್ಚೆ ಮಚ್ಚೆ ಇದ್ದ ಕರು. ಹಗ್ಗ ಬಿಚ್ಕೊಂಡು ಬಂದಿತ್ತು ಪಾಪ. ನಾನಾಗ ಹೊಸ ಮದುಮಗಳು. ಹೊಲದ ಕಡೆಯಿಂದ ಚಿರತೆ ಚಿರತೆ ಅಂತ ಕೂಗು. ಊರಿಗೂರೇ ದೊಣ್ಣೆ ಹಿಡ್ಕೊಂಡು ಓಡ್ತು. ಹೋಗಿ ನೋಡಿದ್ರೆ ಇವರು ಹೊಂಗೆ ಮರದ ತುದೀಲಿ. ಕೆಳಗೆ ಕರು ಇವರ ಚಪ್ಪಲಿ ನೆಕ್ತಾ ನಿಂತಿತ್ತು."

"ಕತ್ಲಾಗಿತ್ತು ಕಣೇ!" ಎಂದೆ.

"ಟಾರ್ಚ್ ಬಿಟ್ಟು ಕರು ಅಂತ ತೋರಿಸಿದ ಮೇಲೂ ಇಳೀಲಿಲ್ವಲ್ಲ! ಕರು ಹಿಂದೆ ಚಿರತೆ ಇದ್ರೂ ಇರಬೋದು ಅಂದ್ರು. ಕೊನೆಗೆ ನಾನೇ ಏಣಿ ತಂದೆ."

ಈಗ ಸುತ್ತಲಿನ ಟೇಬಲ್ಲುಗಳೆಲ್ಲ ತಿನ್ನುವುದನ್ನು ಬಿಟ್ಟಿದ್ದವು. ಮೂಲೆಯ ಟೇಬಲ್ಲಿನಿಂದ ಒಬ್ಬ ಯುವಕ ಕೈಯೆತ್ತಿ, "ಆಂಟಿ, ಸ್ವಲ್ಪ ಜೋರಾಗಿ ಹೇಳಿ, ಏಣಿ ಆದ್ಮೇಲೆ ಕೇಳಿಸ್ಲಿಲ್ಲ" ಎಂದ. ನಂದಕುಮಾರ್ ಸಾರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆತಿಥ್ಯವೇನೋ ಭರ್ಜರಿಯಾಗಿಯೇ ನಡೆದಿತ್ತು. ಅತಿಥಿಗಳು ತಿನ್ನುತ್ತಿದ್ದದ್ದು ನನ್ನನ್ನು.

ಆಗಲೇ ನನಗೆ, ಇನ್ನು ಬರಬೇಕಾದದ್ದು ಕೊನೆಯ ತಟ್ಟೆ, ಸಿಹಿ ಎಂದು ಹೊಳೆಯಿತು. ಕಟ್ಟಕಡೆಗೆ ನಾನು ಚೈತನ್ಯನಿಗೆ ಹೇಳಿದ ಕಥೆ ಯಾವುದು ಎಂದು ನೆನಪಾಯಿತು. ಮುದ್ದೆ, ಚಿರತೆ ಎಲ್ಲ ಹೋಗಲಿ, ಅವು ನನ್ನ ಸ್ವಂತ ಆಸ್ತಿ. ಆ ಕಥೆಯಲ್ಲಿ ಅಂಜನಮ್ಮ ಇದ್ದಳು!

ಕೈ ತೊಳೆಯುವ ನೆಪ ಮಾಡಿ ಎದ್ದು, ಚೈತನ್ಯನ ಹೆಗಲು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಸ್ವೀಟ್ ಬೇಡಪ್ಪ. ಕ್ಯಾನ್ಸಲ್ ಮಾಡು."

"ಯಾಕ್ ಅಂಕಲ್? ಅದೇ ನಮ್ಮ ಮೇನ್ ಐಟಂ! ಅದಕ್ಕೆ ಅಂತಾನೇ ಅರ್ಧ ಒಡೆದಂಗಿರೋ ತಟ್ಟೆ ಸ್ಪೆಷಲ್ಲಾಗಿ ಮಾಡಿಸಿದೀವಿ."

"ನಂಗೆ ಶುಗರ್ ಐತೆ."

"ನಿಮಗೆ ಇಲ್ಲ ಅಂತ ನೀವೇ ಹೇಳಿದ್ರಲ್ಲ. ಈ ವಯಸ್ಸಲ್ಲೂ ಇಪ್ಪತ್ತು ಒಬ್ಬಟ್ಟು ಅರಗಿಸ್ಕೊಳ್ತೀನಿ ಅಂತ..."

"ನಾನು ಹೇಳಿದ್ದನ್ನೆಲ್ಲ ನಂಬ್ತೀಯಾ? ಬುದ್ಧಿ ಇಲ್ವಾ ನಿಂಗೆ?" ಎಂದು ಗದರಿದೆ. ಅಷ್ಟರಲ್ಲಿ ಹೊರಗೆ ಬಿಂದುಶ್ರೀಯ ಧ್ವನಿ ಕೇಳಿಸಿತು. ಸಿಹಿ ಆಗಲೇ ಇನ್ನೊಂದು ಬಾಗಿಲಿನಿಂದ ಹೋಗಿಬಿಟ್ಟಿತ್ತು.

ಓಡಿಬಂದು ಕೂತೆ. ಅಂಚು ಮುರಿದಂತಿದ್ದ ಮಣ್ಣಿನ ತಟ್ಟೆ, ಅದರಲ್ಲಿ ಬೆರಳಿನಷ್ಟಿದ್ದ ಕಾಯಿ ಒಬ್ಬಟ್ಟಿನ ಸುರುಳಿ, ಸುತ್ತ ಚೆಲ್ಲಿದಂತೆ ಗುಲಾಬಿ ಬಣ್ಣದ ಕೆನೆ.

"ಇದರ ಹೆಸರು ನಾಚಿಕೆ" ಎಂದಳು ಬಿಂದುಶ್ರೀ. ಅವಳಿಗೂ ಈಗ ಅನುಮಾನ ಬಂದಿತ್ತು, ಧ್ವನಿ ಸಣ್ಣದಾಗಿತ್ತು. "ಅಂಕಲ್ ಹೆಣ್ಣು ನೋಡೋಕೆ ಹೋದಾಗ... ಅವರ ಮೈಕಟ್ಟು, ಮೀಸೆ ನೋಡಿ... ಆಂಟಿ ನಾಚಿಕೊಂಡು ಕೈಲಿದ್ದ ತಟ್ಟೆ ಬೀಳಿಸಿಬಿಟ್ರಂತೆ."

ಇಡೀ ರೆಸ್ಟೋರೆಂಟ್ ಅಂಜನಮ್ಮನ ಕಡೆ ತಿರುಗಿತು. ನಾನು ನೆಲ ನೋಡಿದೆ. ನಾನೇ ನಿಂತು ಹಾಕಿಸಿದ ಟೈಲ್ಸು, ಒಂದು ಬಿರುಕೂ ಇಲ್ಲ, ಇಳಿದುಹೋಗಲು ಜಾಗವೇ ಇರಲಿಲ್ಲ.

ಅಂಜನಮ್ಮ ಈ ಸಲ ನಗಲಿಲ್ಲ. ತಟ್ಟೆಯ ಮುರಿದ ಅಂಚಿನ ಮೇಲೆ ಬೆರಳಾಡಿಸಿದಳು. ಒಬ್ಬಟ್ಟನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಆಮೇಲೆ, "ತಟ್ಟೆ ಬಿದ್ದಿದ್ದು ನಿಜ" ಎಂದಳು.

ನಾನು ಉಸಿರು ಬಿಟ್ಟೆ.

"ಬೀಳಿಸಿದ್ದು ನಾನಲ್ಲ."

ಬಿಟ್ಟ ಉಸಿರನ್ನು ವಾಪಸ್ ಎಳೆದುಕೊಂಡೆ.

"ನಮ್ಮಟ್ಟೀಲಿ ಗಂಡಸ್ರು ಕೂತ ಜಾಗಕ್ಕೇ ತಟ್ಟೆ ಹೋಗ್ಬೇಕು. ನಮ್ಮಪ್ಪ, ದೊಡ್ಡಪ್ಪ, ಯಾರೂ ಒಂದು ಲೋಟ ಎತ್ತಿಟ್ಟೋರಲ್ಲ. ಅವತ್ತು ನಮ್ಮವ್ವ ಹಿತ್ತಾಳೆ ತಟ್ಟೆ ತುಂಬ ಬಜ್ಜಿ ಪೇರಿಸಿ ಕೊಟ್ಟಿದ್ರು. ನಂಗೆ ಕೈ ನಡುಗ್ತಿತ್ತು. ನಾಚಿಕೆಗಲ್ಲ, ಭಾರಕ್ಕೆ. ಇವರು ಕೂತಿದ್ದೋರು ಎದ್ದು, 'ಭಾರ ಐತೆ, ಇಲ್ಲಿ ಕೊಡಿ' ಅಂತ ಕೈ ಚಾಚ್ಕೊಂಡು ಬಂದ್ರು. ಹೊಸ ಪಂಚೆ, ಕಾಲಿಗೆ ಸಿಕ್ಕೊಂಡ್ತು. ಇವರು ಕೆಳಗೆ, ತಟ್ಟೆ ಇವರ ಮೇಲೆ, ಬಜ್ಜಿ ಊರ ತುಂಬ."

ಯಾರೋ ನಕ್ಕರು. ಅಂಜನಮ್ಮ ನಗುವವರ ಕಡೆ ನೋಡಲಿಲ್ಲ.

"ನಮ್ಮಪ್ಪ ಈ ಹುಡುಗ ಬೇಡ ಅಂದ್ರು. ನೆಟ್ಟಗೆ ನಿಂತ್ಕೊಳ್ಳೋಕೇ ಬರಲ್ಲ, ಸಂಸಾರ ಏನು ನಿಲ್ಲಿಸ್ತಾನೆ ಅಂದ್ರು. ನಾನು ಒಳಗೋಗಿ ನಮ್ಮವ್ವಂಗೆ ಹೇಳ್ದೆ, ಮದುವೆ ಅಂತ ಆದ್ರೆ ಆ ಬಿದ್ದೋರನ್ನೇ ಆಗೋದು ಅಂತ. ತಟ್ಟೆ ಹಿಡಿಯೋಕೆ ಎದ್ದು ಬಂದ ಗಂಡಸನ್ನ ನಾನು ಅದೇ ಮೊದಲು ನೋಡಿದ್ದು."

ನನ್ನ ಗಂಟಲಲ್ಲಿ ಒಬ್ಬಟ್ಟು ಸಿಕ್ಕಿಕೊಂಡಿತು. (ನಾನಿನ್ನೂ ಒಬ್ಬಟ್ಟು ತಿಂದಿರಲಿಲ್ಲ.) ಅವತ್ತು ಬಿದ್ದ ಅವಮಾನವನ್ನು ಮುಚ್ಚಲು ಎಷ್ಟು ಮೀಸೆ, ಎಷ್ಟು ಮೈಕಟ್ಟು ಬೆಳೆಸಿದ್ದೆ ನಾನು! ಅವಳು ನನ್ನನ್ನು ಒಪ್ಪಿದ್ದು ಆ ಬೀಳಾಟಕ್ಕೇ ಎಂದು ನನಗೆ ಗೊತ್ತೇ ಇರಲಿಲ್ಲ.

"ಇದನ್ನ ನಂಗೆ ಯಾವತ್ತೂ ಹೇಳಲೇ ಇಲ್ವಲ್ಲೇ?" ಎಂದೆ.

"ನೀವು ಕೇಳಿದ್ರೆ ತಾನೆ? ನೀವು ಯಾವಾಗ್ಲೂ ಹೇಳೋದ್ರಲ್ಲೇ ಇರ್ತೀರ."

ಮೊದಲು ಕೈ ತಟ್ಟಿದವನು ಮೂಲೆಯ ಟೇಬಲ್ಲಿನ ಯುವಕ. ಆಮೇಲೆ ಎಲ್ಲರೂ ತಟ್ಟಿದರು. ರಾಜಶ್ರೀ ಮೇಡಂ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡು, ಗಂಡನ ಕಡೆ ತಿರುಗಿ, "ರೀ, ನೀವು ಒಂದಿನಾನಾದ್ರೂ ಎದ್ದು ಬಂದು ನನ್ನ ಕೈಯಿಂದ ತಟ್ಟೆ ಇಸ್ಕೊಂಡಿದೀರಾ?" ಎಂದು ಕೇಳಿದರು.

ನಂದಕುಮಾರ್ ಸಾರ್ ಒಬ್ಬಟ್ಟನ್ನು ನೋಡಿದರು, ಚಾವಣಿ ನೋಡಿದರು, ನನ್ನನ್ನು ನೋಡಿದರು. "ಅದು... ಬ್ಯಾಂಕ್ ಕೆಲಸ..."

"ಅರ್ಥ ಆಗ್ಲಿಲ್ವಾ ಸಾರ್ ಪ್ರಶ್ನೆ?" ಎಂದೆ. ಆ ಕ್ಷಣದಲ್ಲಿ ನಾನು ಎಷ್ಟು ಎತ್ತರದಲ್ಲಿದ್ದೆ ಎಂದರೆ, ಹೊಂಗೆ ಮರದ ತುದಿಯೂ ಕೆಳಗೆ ಕಾಣುತ್ತಿತ್ತು.

ನನ್ನ ಹಿಂದೆಯೇ ಬಂದು ಮತ್ತೆ ಕಂಬಕ್ಕೆ ಒರಗಿದ್ದ ಚೈತನ್ಯನನ್ನು ಅಂಜನಮ್ಮ ಕರೆದಳು. ಅವನು ಪರೀಕ್ಷೆಯ ಫಲಿತಾಂಶ ಕೇಳುವವನಂತೆ ಬಂದು ನಿಂತ.

"ನಿನ್ನ ಕೈ ಚೆನ್ನಾಗೈತಪ್ಪ. ಅಗ್ರಿಮೆಂಟ್ ಮುಂದುವರಿಸೋಣ. ಹಲ್ಲಿನ ಡಾಕ್ಟ್ರಿಗೆ ನಾನೇ ಹೇಳ್ತೀನಿ." ಬಿಂದುಶ್ರೀ ಚಪ್ಪಾಳೆ ತಟ್ಟಿದಳು. ನನ್ನ ಆನಂದಕ್ಕೆ ಪಾರವಿರಲಿಲ್ಲ. "ಆದ್ರೆ ಒಂದು ಮಾತು. ಅಡುಗೆ ಸರಿ ಐತೆ, ಕಥೆ ಸರಿ ಇಲ್ಲ. ನಾಳೆಯಿಂದ ಕಥೆ ನಾನು ಹೇಳ್ತೀನಿ. ಇವರು ಮನೇಲಿರ್ತಾರೆ."

ಹೀಗೆ ನನ್ನ ಸಾಹಿತ್ಯ ಜೀವನ ಮುಗಿಯಿತು. ಮಧ್ಯಾಹ್ನದ ಕಾಫಿ ಈಗ ಅಂಜನಮ್ಮನಿಗೆ ಸಲ್ಲುತ್ತದೆ. ನಾನು ಮೇಲೆ ಕೂತು ನಾನೇ ಕಾಸಿಕೊಂಡು ಕುಡಿಯುತ್ತೇನೆ. ತಟ್ಟೆಗಳ ಹೆಸರೆಲ್ಲ ಬದಲಾಗಿವೆ. ಮುದ್ದೆಗೆ 'ಗೆದ್ದ ಎಮ್ಮೆ' ಎಂದು ಹೆಸರು. ರೊಟ್ಟಿಗೆ 'ಮುನಿಲಕ್ಷ್ಮಮ್ಮನ ಕರು'. ಒಬ್ಬಟ್ಟಿಗೆ 'ಬಿದ್ದೋರು'. ಶನಿವಾರ ಸಂಜೆ ಅಂಜನಮ್ಮ ಜರಿ ಸೀರೆಯುಟ್ಟು ಇಳಿದು ಹೋಗಿ ಟೇಬಲ್ಲಿನಿಂದ ಟೇಬಲ್ಲಿಗೆ ನಿಂತು ತಾನೇ ಕಥೆ ಹೇಳುತ್ತಾಳೆ. ಅದನ್ನು ಕೇಳಲು ಬಿಟಿಎಂ, ಜೆ.ಪಿ. ನಗರದಿಂದೆಲ್ಲ ಜನ ಬರುತ್ತಾರೆ. ಕಟ್ಟಡದ ಮಾಲೀಕನಾದ ನನಗೇ ಈಗ ಶನಿವಾರ ಟೇಬಲ್ ಸಿಗುವುದಿಲ್ಲ. ಬಾಗಿಲ ಬಳಿ ಒಂದು ಸ್ಟೂಲ್ ಹಾಕಿಕೊಡುತ್ತಾರೆ. ನಂದಕುಮಾರ್ ಸಾರ್ ಹೋದ ವಾರ ಫೋನ್ ಮಾಡಿ, "ಬೈರಪ್ಪನೋರೇ, ಮನೇಲಿ ಈಗ ದಿನಾ ತಟ್ಟೆ ನಾನೇ ಹಿಡೀತಿದೀನ್ರೀ, ನಿಮ್ಮಿಂದ" ಎಂದರು. 'ಬೈರಪ್ಪನೋರೇ' ಎಂದದ್ದನ್ನು ಸ್ಪೀಕರಿನಲ್ಲಿ ಹಾಕಿ ಅಂಜನಮ್ಮನಿಗೂ ಕೇಳಿಸಿದೆ.

ಮೊನ್ನೆ ಶನಿವಾರದ ಮಾತು. ಒಬ್ಬಟ್ಟಿನ ಕಥೆ ಮುಗಿದಾಗ ಕಾಲೇಜು ಹುಡುಗಿಯೊಬ್ಬಳು ಕೇಳಿದಳು. "ಆಂಟಿ, ಆ ಬಿದ್ದೋರು ಈಗ ಎಲ್ಲಿದ್ದಾರೆ?"

ಅಂಜನಮ್ಮ ಬಾಗಿಲ ಕಡೆ ಕೈ ತೋರಿಸಿದಳು. "ಅಗೋ, ಸ್ಟೂಲ್ ಮೇಲೆ ಕೂತವ್ರಲ್ಲ, ಅವರೇ. ನಮ್ಮೆಜಮಾನ್ರು." ಆ ಮಾತು ಹೇಳುವಾಗ ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ನಮ್ಮ ಮದುವೆಯ ಫೋಟೋದಲ್ಲೂ ನೋಡಿರಲಿಲ್ಲ.

ಎಲ್ಲರೂ ತಿರುಗಿ ನೋಡಿದರು, ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈಮುಗಿದೆ. ಆ ಹುಡುಗಿ ಫೋನ್ ಹಿಡಿದು ಹತ್ತಿರ ಬಂದಳು. "ಅಂಕಲ್, ಪ್ಲೀಸ್, ಬಿದ್ದಂಗೆ ಒಂದೇ ಒಂದು ಫೋಟೋ ಕೊಡ್ತೀರಾ?"

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ನಾನು ಶರ್ಟು ಸರಿಮಾಡಿಕೊಂಡು, ಟೈಲ್ಸಿನ ಮೇಲೆ ನಿಧಾನವಾಗಿ ಕೂತು, ಹಾಗೇ ಬಲಕ್ಕೆ ಒರಗಿ, ಒಂದು ಕೈಯನ್ನು ತಟ್ಟೆ ಹಿಡಿಯುವವನ ಹಾಗೆ ಮೇಲಕ್ಕೆ ಚಾಚಿದೆ. ನನಗೆ ನಾನೇ ಮೆಚ್ಚುಗೆಯಾಗುವಷ್ಟು ಸೊಗಸಾಗಿ ಬಿದ್ದಿದ್ದೆ.

ಅಂಜನಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ತಲೆಯಾಡಿಸಿದಳು.

"ಆ ಕಡೆ ಅಲ್ಲ ರೀ, ಎಡಗಡೆಗೆ" ಎಂದಳು. "ಎದ್ದು ಇನ್ನೊಂದ್ಸಲ ಬೀಳಿ."